ಹೊರಗಿನ ಅಕೌಂಟೆಂಟ್‌ಗೆ ಯಾವ ಕೀಲಿ ಕೊಡಬೇಕು, ಯಾವುದು ಕೊಡಬಾರದು: ಅಂಗಡಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯಲ್ಲಿ ಒಂಬತ್ತು ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಹಾರ್ಡ್‌ವೇರ್, ಬಟ್ಟೆ, ಎರಡು ಬೇಕರಿ, ಒಂದು ಪ್ರಿಂಟಿಂಗ್ ಪ್ರೆಸ್, ಹೀಗೆ. ಯಾರ ಹತ್ತಿರವೂ ಸಂಬಳಕ್ಕಿಲ್ಲ, ತಿಂಗಳಿಗೆ ಇಷ್ಟು ಅಂತ ಫೀಸು. ಹಿಂದೆ ಗುಮಾಸ್ತರು ಗಲ್ಲಾ ಪಕ್ಕದಲ್ಲೇ ಕೂತು ಕಿರ್ದಿ ಬರೆಯುತ್ತಿದ್ದರು. ಸಂಜೆ ಪುಸ್ತಕ ಮುಚ್ಚಿದರೆ ಮುಗೀತು, ಕೀಲಿ ಯಜಮಾನರ ಸೊಂಟದಲ್ಲೇ ಇರುತ್ತಿತ್ತು. ಈಗ ನಾನು ಮನೆಯಲ್ಲಿ ಕೂತು ಅವರ ಪುಸ್ತಕ ತೆರೆಯುತ್ತೇನೆ. ಹಾಗಾಗಿ ಹೊಸದಾಗಿ ಬರುವವರೆಲ್ಲ ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳುತ್ತಾರೆ. ಕೆಲವರು ಕೇಳುವುದೇ ಇಲ್ಲ, ಬಂದ ದಿನವೇ ಎಲ್ಲ ಪಾಸ್‌ವರ್ಡ್ ವಾಟ್ಸಾಪ್‌ನಲ್ಲಿ ಕಳಿಸಿಬಿಡುತ್ತಾರೆ. ನನಗೆ ಜಾಸ್ತಿ ಭಯ ಆಗುವುದು ಅವರ ಬಗ್ಗೆಯೇ.

ನಮ್ಮದು ಚಿಕ್ಕ ಅಂಗಡಿ. ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ?

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆಲ್ಲ ನೋಟಿಸ್ ಕಳಿಸಿದ್ದು ನೆನಪಿದೆ ಅಲ್ವಾ? ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಅನ್ನುವುದು ಎಷ್ಟೋ ಜನಕ್ಕೆ ಗೊತ್ತಾಗಿದ್ದೇ ಆವಾಗ. ಅದಾದ ಮೇಲೆ ಜೀವನದಲ್ಲಿ ಮೊದಲ ಸಲ ಅಕೌಂಟೆಂಟ್ ಇಟ್ಟುಕೊಂಡವರು ಬಹಳ. ಗಾಬರಿಯಲ್ಲಿ ಇಟ್ಟುಕೊಂಡವರು ಗಾಬರಿಯಲ್ಲೇ ಎಲ್ಲ ಕೀಲಿ ಕೊಟ್ಟರು. ದೊಡ್ಡ ಕಂಪನಿಯಲ್ಲಿ ಏನಾದರೂ ಎಡವಟ್ಟಾದರೆ ನೋಡಲು ಇನ್ನೂ ನಾಲ್ಕು ಜನ ಇರುತ್ತಾರೆ. ಚಿಕ್ಕ ಅಂಗಡಿಯಲ್ಲಿ ನೋಡುವವರು ನೀವೊಬ್ಬರೇ.

ಲೆಕ್ಕ ಬರೆಯುವವರಿಗೆ ನಿಜವಾಗಿ ಏನೇನು ಬೇಕು?

ನೀವು ಅಂದುಕೊಂಡಿದ್ದಕ್ಕಿಂತ ಕಡಿಮೆ. ಖರೀದಿ ಬಿಲ್ಲು, ಮಾರಾಟದ ಬಿಲ್ಲು ಅಥವಾ ಬಿಲ್ಲಿಂಗ್ ಸಾಫ್ಟ್‌ವೇರ್‌ನ ರಿಪೋರ್ಟ್, ಖರ್ಚಿನ ಚೀಟಿಗಳು, ಬ್ಯಾಂಕ್ ಸ್ಟೇಟ್‌ಮೆಂಟ್, ಯುಪಿಐ ಆಪ್‌ನ ತಿಂಗಳ ರಿಪೋರ್ಟ್. ಇವಿಷ್ಟಿದ್ದರೆ ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಎಂಟ್ರಿ ಹಾಕಬಹುದು. ಜಿಎಸ್‌ಟಿ ರಿಟರ್ನ್ ಕೂಡ ನಾನೇ ಮಾಡಬೇಕು ಅಂದರೆ ಆ ಪೋರ್ಟಲ್‌ಗೆ ದಾರಿ ಬೇಕು. ನಿಮ್ಮ ಖಾತೆಯಿಂದ ದುಡ್ಡು ಕಳಿಸುವ ಅಧಿಕಾರ ನನಗೆ ಯಾವತ್ತೂ ಬೇಡ. ಅದನ್ನು ಮೊದಲ ದಿನವೇ ಕೇಳುವ ಅಕೌಂಟೆಂಟ್ ಸಿಕ್ಕರೆ ಟೀ ಕುಡಿಸಿ ಕಳಿಸಿಬಿಡಿ.

ಒಂದು ಸಣ್ಣ ಕೋರಿಕೆ. ಸ್ಟೇಟ್‌ಮೆಂಟ್ ಎಕ್ಸೆಲ್‌ನಲ್ಲಿ ಕೊಡಿ. ಪಿಡಿಎಫ್ ಕೊಟ್ಟರೆ ಒಂದು ದಿನದ ಕೆಲಸ ಮೂರು ದಿನ ಆಗುತ್ತದೆ. ಪಾಸ್‌ಬುಕ್ ಫೋಟೋ ಕಳಿಸುವವರ ಬಗ್ಗೆ ನಾನು ಏನೂ ಹೇಳಲ್ಲ.

ಜಿಎಸ್‌ಟಿ ಪೋರ್ಟಲ್‌ನ ಪಾಸ್‌ವರ್ಡ್ ಕೊಡಬಹುದಾ?

ಕೊಡಬಹುದು, ಆದರೆ ಕೊಡುವ ಮುಂಚೆ ಇನ್ನೊಂದು ವಿಷಯ ನೋಡಿ. ನೋಂದಣಿಯಲ್ಲಿ ಯಾರ ಮೊಬೈಲ್ ನಂಬರ್, ಯಾರ ಇಮೇಲ್ ಇದೆ? ಇಡೀ ವ್ಯವಹಾರದ ಬೀಗದ ಕೀಲಿ ಅದೇ. ಪಾಸ್‌ವರ್ಡ್ ಅಲ್ಲ.

ಹೇಗೆ ಅಂತ ಕೇಳಿ. ಪಾಸ್‌ವರ್ಡ್ ಮರೆತಿದ್ದೇನೆ ಅಂತ ಒತ್ತಿದರೆ ಒಟಿಪಿ ಹೋಗುವುದು ಆ ನಂಬರ್ ಮತ್ತು ಇಮೇಲ್‌ಗೆ. ಹಾಗಾಗಿ ನಂಬರ್ ನಿಮ್ಮದಾಗಿದ್ದರೆ ನಾನು ನಾಳೆ ಜಗಳ ಮಾಡಿಕೊಂಡು ಹೋದರೂ ಐದು ನಿಮಿಷದಲ್ಲಿ ಪಾಸ್‌ವರ್ಡ್ ಬದಲಾಯಿಸಿ ನನ್ನನ್ನು ಹೊರಗೆ ಹಾಕಬಹುದು. ನಂಬರ್ ನನ್ನದಾಗಿದ್ದರೆ ಉಲ್ಟಾ. ನೀವು ದಿನಕ್ಕೆ ಹತ್ತು ಸಲ ಪಾಸ್‌ವರ್ಡ್ ಬದಲಾಯಿಸಿ, ಹನ್ನೊಂದನೇ ಸಲ ನಾನು ಬದಲಾಯಿಸುತ್ತೇನೆ.

ಇನ್ನೊಂದು. ಒಬ್ಬರೇ ಮಾಲೀಕರ ಅಂಗಡಿಗಳಲ್ಲಿ ರಿಟರ್ನ್ ಫೈಲ್ ಮಾಡುವಾಗ ಸಹಿ ಬದಲು ಒಟಿಪಿ ಹಾಕುತ್ತೇವೆ. ಅದೂ ಅದೇ ನಂಬರ್ ಮತ್ತು ಇಮೇಲ್‌ಗೆ ಬರುತ್ತದೆ. ಅಂದರೆ ಪಾಸ್‌ವರ್ಡ್ ಇದ್ದವರು ಒಳಗೆ ಹೋಗಿ ನೋಡಬಹುದು, ಅಂಕಿ ತುಂಬಿಸಿಡಬಹುದು. ಸಹಿ ಹಾಕುವುದಕ್ಕೆ ನಿಮ್ಮ ಫೋನೇ ಬೇಕು. ಇಮೇಲ್ ಮರೆಯಬೇಡಿ. ನಂಬರ್ ನಿಮ್ಮದು, ಇಮೇಲ್ ಅಕೌಂಟೆಂಟ್‌ದು ಅಂತ ಇದ್ದರೆ ಬೀಗ ಅರ್ಧ ಹಾಕಿದ ಹಾಗೆ.

ಪಾಸ್‌ವರ್ಡ್ ಕೊಡಲು ಮನಸ್ಸಿಲ್ಲ ಅಂದರೆ ಬೇರೆ ದಾರಿಯೂ ಇದೆ. ನಿಮ್ಮ ಅಕೌಂಟೆಂಟ್ ಜಿಎಸ್‌ಟಿ ಪ್ರಾಕ್ಟೀಷನರ್ ಅಂತ ನೋಂದಣಿ ಮಾಡಿಸಿಕೊಂಡಿದ್ದರೆ, ಪೋರ್ಟಲ್‌ನ ಯೂಸರ್ ಸರ್ವೀಸಸ್ ಒಳಗೆ ಹೋಗಿ ಅವರನ್ನು ಸೇರಿಸಿಕೊಳ್ಳಬಹುದು. ಅವರು ಒಪ್ಪಿಕೊಂಡ ಮೇಲೆ ತಮ್ಮದೇ ಲಾಗಿನ್‌ನಿಂದ ನಿಮ್ಮ ಕೆಲಸ ಮಾಡುತ್ತಾರೆ. ಬೇಡ ಅನ್ನಿಸಿದ ದಿನ ಅದೇ ಜಾಗದಲ್ಲಿ ತೆಗೆದುಹಾಕಿ. ಇಷ್ಟು ಸಲೀಸಾದ ದಾರಿ ಇದ್ದರೂ ನಮ್ಮೂರಲ್ಲಿ ಬಳಸುವವರು ಬೆರಳೆಣಿಕೆ. ಪಾಸ್‌ವರ್ಡ್ ಹೇಳುವುದು ಅದಕ್ಕಿಂತ ಸಲೀಸು ನೋಡಿ.

ನಮ್ಮ ನೋಂದಣಿಯಲ್ಲಿ ಹಳೆಯ ಆಡಿಟರ್ ನಂಬರ್ ಇದೆ. ಈಗ ಏನು ಮಾಡುವುದು?

ಇದು ನನ್ನ ಹತ್ತಿರ ಬರುವ ಪ್ರಶ್ನೆಗಳಲ್ಲೇ ತುಂಬಾ ಸಾಮಾನ್ಯವಾದದ್ದು. (ನಮ್ಮಲ್ಲಿ ಸಿಎ ಆಗಿರಲಿ, ಟ್ಯಾಲಿ ಹಾಕುವ ಹುಡುಗ ಆಗಿರಲಿ, ಎಲ್ಲರೂ ಆಡಿಟರೇ.) ಮೋಸ ಮಾಡುವ ಉದ್ದೇಶ ಎಲ್ಲರಿಗೂ ಇರಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ಅಂಗಡಿಯವರೇ "ನಿಮ್ಮ ನಂಬರ್ ಹಾಕ್ಕೊಳ್ಳಿ ಸಾರ್, ನನಗೆ ಮೆಸೇಜ್ ನೋಡೋಕೆ ಬರಲ್ಲ" ಅಂತ ಹೇಳಿದ್ದು ನಾನೇ ಕೇಳಿದ್ದೇನೆ.

ಹಳಬರ ಜೊತೆ ಮಾತುಕತೆ ಇದ್ದರೆ ಸುಲಭ. ಪೋರ್ಟಲ್‌ನಲ್ಲಿ ನೋಂದಣಿ ತಿದ್ದುಪಡಿಗೆ ಎರಡು ವಿಧ ಇವೆ. ಅಂಗಡಿ ಹೆಸರು, ವಿಳಾಸದಂಥ ಮುಖ್ಯ ವಿವರಕ್ಕೆ ಅಧಿಕಾರಿಯ ಒಪ್ಪಿಗೆ ಬೇಕು. ಮೊಬೈಲ್, ಇಮೇಲ್ ಅದರಲ್ಲಿ ಬರಲ್ಲ, ಒಟಿಪಿ ಹಾಕಿ ನಾವೇ ಬದಲಾಯಿಸಬಹುದು.

ಮಾತುಕತೆ ನಿಂತುಹೋಗಿದ್ದರೆ? ಒಂದು ಉದಾಹರಣೆ ಹೇಳುತ್ತೇನೆ. ನನ್ನ ಹತ್ತಿರ ಬಂದ ಒಬ್ಬ ಬಟ್ಟೆ ಅಂಗಡಿಯವರಿಗೆ ಹಳೆಯ ಲೆಕ್ಕದವರು ಫೋನೇ ಎತ್ತುತ್ತಿರಲಿಲ್ಲ. ಫೀಸು ಬಾಕಿ ಅಂತ ಅವರ ಕೋಪ. ಕೊಟ್ಟಿದ್ದೇನೆ ಅಂತ ಇವರ ಕೋಪ. ಮಧ್ಯದಲ್ಲಿ ಮೂರು ತಿಂಗಳ ರಿಟರ್ನ್ ನಿಂತಿತ್ತು, ದಿನಕ್ಕೆ 50 ರೂಪಾಯಿ ಲೇಟ್ ಫೀ ಓಡುತ್ತಿತ್ತು. ಕೊನೆಗೆ ಸ್ಥಳೀಯ ಜಿಎಸ್‌ಟಿ ಕಚೇರಿಗೆ ಹೋದೆವು. ನಿಮ್ಮದು ಯಾವ ಕಚೇರಿ ಅಂತ ಪೋರ್ಟಲ್‌ನಲ್ಲಿ ಸರ್ಚ್ ಟ್ಯಾಕ್ಸ್‌ಪೇಯರ್‌ಗೆ ಹೋಗಿ ಜಿಎಸ್‌ಟಿ ನಂಬರ್ ಹಾಕಿದರೆ ಗೊತ್ತಾಗುತ್ತದೆ. ರಾಜ್ಯದ್ದೂ ಇರಬಹುದು, ಕೇಂದ್ರದ್ದೂ ಇರಬಹುದು. ಅಂಗಡಿ ನಿಮ್ಮದೇ ಅನ್ನುವುದಕ್ಕೆ ದಾಖಲೆ, ಗುರುತಿನ ಚೀಟಿ, ಒಂದು ಅರ್ಜಿ. ಅಧಿಕಾರಿ ಅದನ್ನು ನೋಡಿ, ದಾಖಲೆ ಅಪ್‌ಲೋಡ್ ಮಾಡಿ, ಹೊಸ ನಂಬರ್ ಮತ್ತು ಇಮೇಲ್ ಹಾಕುತ್ತಾರೆ. ಯೂಸರ್ ನೇಮ್, ತಾತ್ಕಾಲಿಕ ಪಾಸ್‌ವರ್ಡ್ ಹೊಸ ಇಮೇಲ್‌ಗೆ ಬರುತ್ತದೆ. ಮೊದಲ ಸಲದ ಲಾಗಿನ್ ಅಂತ ಒಳಗೆ ಹೋಗಿ ಬದಲಾಯಿಸಿಕೊಳ್ಳಬೇಕು. ಅಂಗಡಿಯವರು ಅವತ್ತು ಮೊದಲ ಒಟಿಪಿ ಬಂದಾಗ ಫೋನ್ ನನ್ನ ಮುಖದ ಮುಂದೆ ಹಿಡಿದು "ಬಂತು ಮೇಡಂ, ನನಗೇ ಬಂತು" ಅಂದಿದ್ದು ಇನ್ನೂ ಕಣ್ಣ ಮುಂದಿದೆ.

ಒಟಿಪಿ ಫೋನಲ್ಲಿ ಹೇಳಬಹುದಾ? ಎಲ್ಲರೂ ಹೇಳಬೇಡಿ ಅಂತಾರೆ.

ಬ್ಯಾಂಕಿನ ಒಟಿಪಿ ಯಾರಿಗೂ ಹೇಳಬೇಡಿ. ನನಗೂ.

ಜಿಎಸ್‌ಟಿ ಒಟಿಪಿ ಹೇಳದೆ ನಮ್ಮ ಕೆಲಸ ನಡೆಯಲ್ಲ, ನಿಜ. ಆದರೆ ಹೇಳುವ ರೀತಿ ಒಂದಿದೆ. ಹಾರ್ಡ್‌ವೇರ್ ಅಂಗಡಿಯವರು ಮೊದಲೆಲ್ಲ 20ನೇ ತಾರೀಕು ಒಂದು ಕೈಯಲ್ಲಿ ಮೊಳೆ ತೂಕ ಹಾಕುತ್ತಾ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು "ನಾಲ್ಕು ಏಳು ಎರಡು..." ಅಂತ ಗಿರಾಕಿ ಮುಂದೆಯೇ ಓದುತ್ತಿದ್ದರು. ಯಾವುದಕ್ಕೆ ಅಂತ ಒಂದು ದಿನವೂ ಕೇಳಲಿಲ್ಲ. ನಾನೇ ನಿಲ್ಲಿಸಿದೆ. ಈಗ 3ಬಿ, ಅಂದರೆ ತೆರಿಗೆ ಲೆಕ್ಕ ಹಾಕಿ ಕಟ್ಟುವ ಜಿಎಸ್‌ಟಿ ರಿಟರ್ನ್‌ನ ಕರಡನ್ನು 18ಕ್ಕೇ ವಾಟ್ಸಾಪ್ ಮಾಡುತ್ತೇನೆ. ಮಾರಾಟ ಎಷ್ಟು, ಖರೀದಿ ಮೇಲಿನ ತೆರಿಗೆ ಎಷ್ಟು ಸಿಗುತ್ತದೆ, ಕೈಯಿಂದ ಎಷ್ಟು ಕಟ್ಟಬೇಕು. ಅವರು ರಾತ್ರಿ ಅಂಗಡಿ ಮುಚ್ಚಿದ ಮೇಲೆ ನೋಡಿ "ಸರಿ" ಅಂತ ಹಾಕಬೇಕು. ಆಮೇಲೆ ಒಟಿಪಿ. ಒಮ್ಮೆ ಫೈಲ್ ಆದ 3ಬಿಯನ್ನು ವಾಪಸ್ ತೆಗೆದು ತಿದ್ದಲು ಬರಲ್ಲ, ಮುಂದಿನ ತಿಂಗಳಲ್ಲೇ ಸರಿ ಮಾಡಬೇಕು. ಅದಕ್ಕೇ ಈ ಹಟ.

ನಾನು ಏನೂ ಹೇಳದೆ ಇದ್ದಾಗ ಒಟಿಪಿ ಬಂದರೆ ಕೊಡಬೇಡಿ, ಮೊದಲು ನನಗೆ ಫೋನ್ ಮಾಡಿ.

ರಿಟರ್ನ್ ನಿಜವಾಗಿ ಫೈಲ್ ಆಗಿದೆಯಾ ಅಂತ ನನಗೆ ಹೇಗೆ ಗೊತ್ತಾಗಬೇಕು?

ಲಾಗಿನ್ ಕೂಡ ಬೇಡ. ಅದೇ ಸರ್ಚ್ ಟ್ಯಾಕ್ಸ್‌ಪೇಯರ್‌ನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಹಾಕಿ, ಫೈಲಿಂಗ್ ಟೇಬಲ್ ಒತ್ತಿ. ಯಾವ ತಿಂಗಳದ್ದು ಯಾವ ದಿನ ಫೈಲ್ ಆಗಿದೆ ಅಂತ ಪಟ್ಟಿ ಬರುತ್ತದೆ. ಫೋನಲ್ಲೇ ನೋಡಬಹುದು. ಪ್ರತಿ ತಿಂಗಳು ಫೈಲ್ ಮಾಡುವವರಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ಮುಂದಿನ ತಿಂಗಳು 11ಕ್ಕೆ, 3ಬಿ 20ಕ್ಕೆ. ಮೂರು ತಿಂಗಳಿಗೊಮ್ಮೆ ಮಾಡುವವರಿಗೆ ನಮ್ಮ ರಾಜ್ಯದಲ್ಲಿ 3ಬಿ 22ಕ್ಕೆ. 23ನೇ ತಾರೀಕು ಒಂದು ಸಲ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ತೆರಿಗೆ ದುಡ್ಡನ್ನು ಅಕೌಂಟೆಂಟ್ ಖಾತೆಗೆ ಹಾಕಬೇಡಿ. ನನ್ನ ಪರಿಚಯದ ಒಬ್ಬರು ಎಂಟು ತಿಂಗಳು ಹಾಗೇ ಹಾಕಿದರು, ಒಂದು ತಿಂಗಳೂ ಕಟ್ಟಿರಲಿಲ್ಲ. ಬಡ್ಡಿ ವರ್ಷಕ್ಕೆ 18 ಪರ್ಸೆಂಟ್ ಬಿತ್ತು, ಅದು ಬಿದ್ದಿದ್ದು ಅಂಗಡಿಯವರ ತಲೆ ಮೇಲೆ. ಅಕೌಂಟೆಂಟ್ ಚಲನ್ ಮಾತ್ರ ಮಾಡಿ ಕಳಿಸಲಿ. ಅದಕ್ಕೆ 15 ದಿನ ಅವಧಿ ಇರುತ್ತದೆ. ಕಟ್ಟುವುದು ನೀವು, ನಿಮ್ಮ ಬ್ಯಾಂಕಿನಿಂದ.

ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಕೇಳುತ್ತಿದ್ದಾರೆ. ಕೊಡಲಾ?

ಬೇಡ. ಸ್ಟೇಟ್‌ಮೆಂಟ್ ನೋಡಲು ಮಾತ್ರ ಅಂದರೂ ಬೇಡ.

ಕರೆಂಟ್ ಅಕೌಂಟ್‌ಗೆ ಬ್ಯಾಂಕುಗಳು ಬರೀ ನೋಡುವ ಲಾಗಿನ್ ಕೊಡುತ್ತವೆ. ಎಸ್‌ಬಿಐನ ಕಾರ್ಪೊರೇಟ್ ಬ್ಯಾಂಕಿಂಗ್‌ನಲ್ಲಿ ಖಾತಾ ಪ್ಲಸ್ ಅಂತ ಇದೆ, ಅದರಲ್ಲಿ ದುಡ್ಡು ಕಳಿಸಲು ಬರುವುದೇ ಇಲ್ಲ. ಬೇರೆ ಬ್ಯಾಂಕಿನಲ್ಲಿ ವ್ಯೂ ಓನ್ಲಿ ಯೂಸರ್ ಬೇಕು ಅಂತ ಕೇಳಿ. ವ್ಯವಹಾರ ಸ್ವಲ್ಪ ದೊಡ್ಡದಾಗಿದ್ದು ದಿನಕ್ಕೆ ಇಪ್ಪತ್ತು ಪೇಮೆಂಟ್ ಇದ್ದರೆ ಮೇಕರ್-ಚೆಕರ್ ವ್ಯವಸ್ಥೆ ಕೇಳಿ. ಅಕೌಂಟೆಂಟ್ ಪೇಮೆಂಟ್ ಸಿದ್ಧ ಮಾಡಿಡುತ್ತಾರೆ, ನೀವು ಒಪ್ಪಿಗೆ ಒತ್ತಿದರೆ ಮಾತ್ರ ದುಡ್ಡು ಹೋಗುತ್ತದೆ. ಒಪ್ಪಿಗೆ ಒತ್ತುವ ಲಾಗಿನ್ ಕೂಡ ಅಕೌಂಟೆಂಟ್ ಕೈಗೇ ಕೊಟ್ಟು "ನೀವೇ ಮಾಡ್ಕೊಳಿ" ಅನ್ನುವವರೂ ಇದ್ದಾರೆ. ಆಮೇಲೆ ಇಬ್ಬರು ಯೂಸರ್ ಮಾಡಿದ್ದು ಸುಮ್ನೆ.

ಕೊಟ್ಟರೆ ಏನಾಗುತ್ತದೆ ಅಂದರೆ, ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲೇ ನೇರವಾಗಿ ಹೇಳಿದೆ: ಗ್ರಾಹಕರೇ ಪಾಸ್‌ವರ್ಡ್ ಹಂಚಿಕೊಂಡು ನಷ್ಟ ಆದರೆ, ಬ್ಯಾಂಕಿಗೆ ತಿಳಿಸುವವರೆಗಿನ ಪೂರ್ತಿ ನಷ್ಟ ಗ್ರಾಹಕರದ್ದೇ. ಅಂಥದ್ದು ಆಗಿಹೋದರೆ ಮೊದಲು ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ, ಆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಟ್ಯಾಲಿಯಲ್ಲಿ ಏನು ಮಾಡಬೇಕು?

ಟ್ಯಾಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 1986ರಲ್ಲಿ. ಆದರೂ ನಮ್ಮ ಅರ್ಧ ಅಂಗಡಿಗಳಲ್ಲಿ ಅದಕ್ಕೆ ಪಾಸ್‌ವರ್ಡೇ ಇರಲ್ಲ. ಕಂಪ್ಯೂಟರ್ ಆನ್ ಮಾಡಿದರೆ ಯಾರು ಬೇಕಾದರೂ ಲೆಡ್ಜರ್ ತೆರೆಯಬಹುದು.

ಕಂಪನಿಯ ಸೆಟ್ಟಿಂಗ್‌ನಲ್ಲಿ ಯೂಸರ್ ಆಕ್ಸೆಸ್ ಆನ್ ಮಾಡಿ. ಅಡ್ಮಿನಿಸ್ಟ್ರೇಟರ್ ನೀವಾಗಿರಿ. ಅಕೌಂಟೆಂಟ್‌ಗೆ ಬೇರೆ ಯೂಸರ್, ಅಂಗಡಿ ಹುಡುಗನಿಗೆ ಬೇರೆ. ಒಂದೇ ಯೂಸರ್‌ನಲ್ಲಿ ಮೂರು ಜನ ಕೆಲಸ ಮಾಡಿದರೆ ತಪ್ಪು ಯಾರದ್ದು ಅಂತ ದೇವರಿಗೂ ಗೊತ್ತಾಗಲ್ಲ. ಹಳೆಯ ತಾರೀಕಿನ ವೋಚರ್ (ಲೆಕ್ಕದ ಎಂಟ್ರಿ) ಎಷ್ಟು ದಿನ ಹಿಂದಿನವರೆಗೆ ಹಾಕಬಹುದು ಅಂತ ಮಿತಿ ಇಡುವ ಅವಕಾಶವೂ ಅಲ್ಲಿದೆ. ರಿಟರ್ನ್ ಫೈಲ್ ಆದ ತಿಂಗಳಿಗೆ ಬೀಗ ಹಾಕಲು ನಾನು ಬಳಸುವುದು ಇದನ್ನೇ. ಇಲ್ಲದಿದ್ದರೆ ಅಂಗಡಿ ಹುಡುಗ ಆಗಸ್ಟ್‌ನಲ್ಲಿ ಕೂತು ಮೇ ತಿಂಗಳ ಬಿಲ್ಲು ಅಳಿಸಿರುತ್ತಾನೆ, ನಾನು ಪೋರ್ಟಲ್‌ಗೂ ಪುಸ್ತಕಕ್ಕೂ ತಾಳೆ ನೋಡುತ್ತಾ ರಾತ್ರಿ ಎರಡು ಗಂಟೆ ಮಾಡಿರುತ್ತೇನೆ.

ಎಡಿಟ್ ಲಾಗ್ ಆನ್ ಇರಲಿ. ಯಾರು, ಯಾವಾಗ, ಯಾವ ಎಂಟ್ರಿ ತಿದ್ದಿದರು ಅಂತ ಉಳಿಯುತ್ತದೆ. ಪ್ರೈವೇಟ್ ಲಿಮಿಟೆಡ್ ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಇದು ಕಡ್ಡಾಯ. ಒಬ್ಬರೇ ಮಾಲೀಕರ ಅಂಗಡಿಗೆ, ಪಾಲುದಾರಿಕೆಗೆ ಕಡ್ಡಾಯ ಇಲ್ಲ. ಆದರೂ ಇರಲಿ. ನನಗೂ ಅದೇ ರಕ್ಷಣೆ.

ಟ್ಯಾಲಿ ವಾಲ್ಟ್ ಬೇರೆ ವಿಷಯ. ಅದು ಇಡೀ ಕಂಪನಿಯ ಹೆಸರನ್ನೂ ಲೆಕ್ಕವನ್ನೂ ಮುಚ್ಚಿಡುತ್ತದೆ. ಆ ಪಾಸ್‌ವರ್ಡ್ ಮರೆತರೆ ವಾಪಸ್ ಪಡೆಯುವ ದಾರಿ ಇಲ್ಲ. ಹಾಕುವುದಾದರೆ ನೀವೇ ಹಾಕಿ, ಕಾಗದದ ಮೇಲೆ ಬರೆದಿಡಿ. ಅಕೌಂಟೆಂಟ್ ಹಾಕಿ ನಿಮಗೆ ಹೇಳದೆ ಹೋದರೆ ಕಥೆ ಮುಗೀತು.

ಯಾರೂ ಕೇಳದ ಪ್ರಶ್ನೆ ಒಂದಿದೆ. ನಿಮ್ಮ ಟ್ಯಾಲಿ ಲೈಸೆನ್ಸ್ ಯಾವ ಇಮೇಲ್‌ನಲ್ಲಿದೆ? ದುಡ್ಡು ನೀವು ಕೊಟ್ಟಿರುತ್ತೀರಿ, ಇಮೇಲ್ ಮಾತ್ರ ಯಾರದ್ದೋ ಇರುತ್ತದೆ.

ಜೋಹೋ ಬುಕ್ಸ್‌ನಂಥ ಆನ್‌ಲೈನ್ ಸಾಫ್ಟ್‌ವೇರ್ ಬಳಸುವವರಿಗೆ ತಲೆನೋವು ಕಡಿಮೆ. ಅಕೌಂಟೆಂಟ್‌ನ ಇಮೇಲ್ ಹಾಕಿ ಆಹ್ವಾನ ಕಳಿಸಿದರೆ ಆಯಿತು. ನಿಮ್ಮ ಲಾಗಿನ್ ಕೊಡುವ ಪ್ರಶ್ನೆಯೇ ಬರಲ್ಲ.

ಎನಿಡೆಸ್ಕ್ ಹಾಕಿಸಿ ಅಂತಾರೆ. ಅಪಾಯವಾ?

ಅದು ಹೊರಗೆ ಕೂತವರು ನಿಮ್ಮ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್. ನೀವು ಮುಂದೆ ಕೂತಿದ್ದಾಗ ಬಳಸಿದರೆ ಪರವಾಗಿಲ್ಲ. ನೀವಿಲ್ಲದಾಗಲೂ ಒಳಗೆ ಬರಲು ಅದರಲ್ಲಿ ಒಂದು ಖಾಯಂ ಪಾಸ್‌ವರ್ಡ್ ಇಡಬಹುದು. ಅದು ಬೇಡ. ಅದೇ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಬ್ಯಾಂಕ್ ಪಾಸ್‌ವರ್ಡ್ ಸೇವ್ ಆಗಿರುತ್ತದೆ, ಮಗಳ ಮದುವೆ ಫೋಟೋನೂ ಇರುತ್ತದೆ. ಟ್ಯಾಲಿ ನೋಡಲು ಇಡೀ ಕಂಪ್ಯೂಟರ್ ಯಾಕೆ ತೆರೆದಿಡಬೇಕು? ಟ್ಯಾಲಿಗೇ ಹೊರಗಿನಿಂದ ಲಾಗಿನ್ ಆಗುವ ವ್ಯವಸ್ಥೆ ಇದೆ. ಟ್ಯಾಲಿಯ ಚಂದಾ (ಟಿಎಸ್‌ಎಸ್) ಚಾಲ್ತಿಯಲ್ಲಿದ್ದರೆ ಅಕೌಂಟೆಂಟ್‌ನನ್ನು ಟ್ಯಾಲಿ ಡಾಟ್ ನೆಟ್ ಯೂಸರ್ ಮಾಡಿ.

ಡಿಜಿಟಲ್ ಸಹಿಯ ಪೆನ್‌ಡ್ರೈವ್ ಅವರ ಹತ್ತಿರವೇ ಇದೆ. ತಪ್ಪಾ?

ಊರಿಗೆಲ್ಲ ಇದೇ ರೂಢಿ. ಆಡಿಟರ್ ಕಚೇರಿಯ ಡ್ರಾಯರ್ ಎಳೆದರೆ ಇಂಥ ಮೂವತ್ತು ಪೆನ್‌ಡ್ರೈವ್ (ಟೋಕನ್) ಇರುತ್ತವೆ, ಎಲ್ಲದರ ಮೇಲೂ ಹೆಸರಿನ ಚೀಟಿ. ಕೆಲವದರಲ್ಲಿ ಚೀಟಿ ಮೇಲೆ ಪಿನ್ ಕೂಡ.

ಅದು ನಿಮ್ಮ ಸಹಿ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 42ನೇ ಸೆಕ್ಷನ್ ಪ್ರಕಾರ ಅದನ್ನು ಜೋಪಾನ ಮಾಡುವ ಹೊಣೆ ನಿಮ್ಮದು. ಕಳೆದುಹೋದರೆ, ಬೇರೆಯವರ ಕೈಗೆ ಸಿಕ್ಕರೆ ತಕ್ಷಣ ಕೊಟ್ಟ ಸಂಸ್ಥೆಗೆ ತಿಳಿಸುವುದೂ ನಿಮ್ಮದೇ ಹೊಣೆ. ಮೋಸದಿಂದ ನಿಮ್ಮ ಸಹಿ ಅಥವಾ ಪಾಸ್‌ವರ್ಡ್ ಬಳಸಿದವರಿಗೆ ಅದೇ ಕಾಯ್ದೆಯ 66ಸಿ ಪ್ರಕಾರ 3 ವರ್ಷದವರೆಗೆ ಜೈಲು, ಲಕ್ಷದವರೆಗೆ ದಂಡ ಇದೆ. ಆದರೆ ಟೋಕನ್ನೂ ಪಿನ್ನೂ ನೀವೇ ಕೊಟ್ಟಿದ್ದರೆ ಮೋಸ ಅಂತ ತೋರಿಸುವುದು ಕಷ್ಟದ ಮಾತು. ಟೋಕನ್ ಮನೆಯ ಬೀರುವಿನಲ್ಲಿರಲಿ. ಸಹಿ ಬೇಕಾದ ದಿನ ತೆಗೆದುಕೊಂಡು ಹೋಗಿ, ವಾಪಸ್ ತನ್ನಿ. ದೂರ ಇದ್ದರೆ ಟೋಕನ್ ಅವರಲ್ಲಿರಲಿ, ಪಿನ್ ಮಾತ್ರ ನಿಮ್ಮಲ್ಲಿರಲಿ.

ಆದಾಯ ತೆರಿಗೆಯ ಲಾಗಿನ್?

ಆಡಿಟ್ ಇದ್ದರೆ ಪೋರ್ಟಲ್‌ನಲ್ಲಿ ನನ್ನ ಚಾರ್ಟರ್ಡ್ ಅಕೌಂಟೆಂಟ್ ಅಂತ ಸೇರಿಸುವ ಜಾಗ ಇದೆ. ಅವರು ತಮ್ಮ ಲಾಗಿನ್‌ನಲ್ಲೇ ವರದಿ ಹಾಕುತ್ತಾರೆ. ಪ್ರೊಫೈಲ್‌ನಲ್ಲಿ ಮೊಬೈಲ್, ಇಮೇಲ್ ನಿಮ್ಮದೇ ಇರಲಿ. ರೀಫಂಡ್ ಬರುವ ಬ್ಯಾಂಕ್ ಖಾತೆ ಯಾವುದು ಅಂತ ವರ್ಷಕ್ಕೊಮ್ಮೆ ನೋಡಿ.

ಇ-ವೇ ಬಿಲ್ ಅಂಗಡಿ ಹುಡುಗ ಮಾಡ್ತಾನೆ, ಅಕೌಂಟೆಂಟೂ ಮಾಡ್ತಾರೆ. ಒಂದೇ ಪಾಸ್‌ವರ್ಡ್ ಸಾಕಲ್ವಾ?

ಸರಕು ಸಾಗಿಸಲು ಬೇಕಾದ ಈ ಬಿಲ್ಲಿನ ಪೋರ್ಟಲ್‌ನಲ್ಲಿ ಸಬ್ ಯೂಸರ್, ಅಂದರೆ ನಿಮ್ಮ ಕೆಳಗೆ ಬೇರೆ ಬೇರೆ ಲಾಗಿನ್, ಮಾಡುವ ಅವಕಾಶ ಇದೆ. 2025ರ ಏಪ್ರಿಲ್ 1ರಿಂದ ಎಲ್ಲರಿಗೂ ಲಾಗಿನ್‌ಗೆ ಒಟಿಪಿ ಬೇಕು. ಸಬ್ ಯೂಸರ್ ಮಾಡಿದರೆ ಅವರವರ ನಂಬರಿಗೆ ಹೋಗುತ್ತದೆ. ಇಲ್ಲದಿದ್ದರೆ ಲಾರಿ ಲೋಡಾಗಿ ನಿಂತಿದ್ದಾಗ ನೀವು ಮದುವೆ ಊಟಕ್ಕೆ ಕೂತಿರುತ್ತೀರಿ, ಫೋನ್ ಬಡಕೊಳ್ಳುತ್ತಿರುತ್ತದೆ.

ಹೀಗೆಲ್ಲ ಮಾಡಿದರೆ ಅಕೌಂಟೆಂಟ್‌ಗೆ ಬೇಜಾರಾಗಲ್ವಾ? ಹತ್ತು ವರ್ಷದ ನಂಬಿಕೆ.

ನಂಬಿಕೆ ಇರುವಾಗಲೇ ಮಾಡಿ, ಹೋದ ಮೇಲೆ ಮಾಡಲು ಹೋದರೆ ಜಗಳ. ನನಗಂತೂ ಬೇಜಾರಾಗಲ್ಲ. ಒಂದು ಬೇಕರಿಯಲ್ಲಿ 60 ಸಾವಿರ ರೂಪಾಯಿ ಲೆಕ್ಕಕ್ಕೆ ಸಿಗದೆ ಹೋದಾಗ ಎಲ್ಲರ ಕಣ್ಣು ನನ್ನ ಮೇಲೆ. ನನ್ನ ಹತ್ತಿರ ಇದ್ದದ್ದು ನೋಡುವ ಲಾಗಿನ್ ಮಾತ್ರ ಅಂತ ಬ್ಯಾಂಕ್ ಮ್ಯಾನೇಜರ್ ಹೇಳಿದ್ದೇ ನನ್ನನ್ನು ಉಳಿಸಿತು. (ದುಡ್ಡು ಸಿಕ್ಕಿತು. ಮೈದಾ ಸಪ್ಲೈಯರ್‌ಗೆ ಎರಡು ಸಲ ಹೋಗಿತ್ತು.)

ಒಂದು ಪುಟದ ಕಾಗದ ಮಾಡಿಕೊಳ್ಳಿ. ಏನೇನು ಕೆಲಸ, ಫೀಸು ಎಷ್ಟು, ಯಾವ್ಯಾವ ಲಾಗಿನ್ ಕೊಟ್ಟಿದ್ದೀರಿ, ಬಿಟ್ಟು ಹೋಗುವಾಗ ಎಷ್ಟು ದಿನದಲ್ಲಿ ಡೇಟಾ ವಾಪಸ್. ಫೀಸು ಬಾಕಿ ಇದ್ದರೂ ಡೇಟಾ ತಡೆಹಿಡಿಯುವಂತಿಲ್ಲ ಅಂತಲೂ ಬರೆಸಿ.

ಅಕೌಂಟೆಂಟ್ ಬದಲಾಯಿಸುವಾಗ ಮೊದಲು ಏನು ಮಾಡಬೇಕು?

ಮೊದಲು ಟ್ಯಾಲಿ ಬ್ಯಾಕಪ್ ಪೆನ್‌ಡ್ರೈವ್‌ಗೆ. ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ಖಾಲಿ ಫೋಲ್ಡರ್ ತಂದವರನ್ನು ಕಂಡಿದ್ದೇನೆ. ಆಮೇಲೆ ಜಿಎಸ್‌ಟಿ, ಆದಾಯ ತೆರಿಗೆ, ಟಿಡಿಎಸ್ ಎಲ್ಲ ಕಡೆ ಮೊಬೈಲ್ ಮತ್ತು ಇಮೇಲ್ ನಿಮ್ಮದು ಮಾಡಿ. ಪಾಸ್‌ವರ್ಡ್ ಅದಾದ ಮೇಲೆ. ಟ್ಯಾಲಿ ಯೂಸರ್ ತೆಗೆಯಿರಿ, ಇ-ವೇ ಸಬ್ ಯೂಸರ್ ತೆಗೆಯಿರಿ, ಟೋಕನ್ ವಾಪಸ್ ತನ್ನಿ, ಎನಿಡೆಸ್ಕ್ ಅಳಿಸಿ. ಯುಪಿಐ ಬಿಸಿನೆಸ್ ಆಪ್‌ನಲ್ಲಿ ಸೇರಿಸಿದ್ದರೆ ಅಲ್ಲೂ. ಜಿಎಸ್‌ಟಿ ಪೋರ್ಟಲ್‌ನ ಪ್ರೊಫೈಲ್‌ನಲ್ಲಿ ಎಪಿಐ ಆಕ್ಸೆಸ್ ಅಂತ ಒಂದಿದೆ. ಹೊರಗಿನ ಸಾಫ್ಟ್‌ವೇರ್ ನಿಮ್ಮ ಮಾಹಿತಿ ಎಳೆದುಕೊಳ್ಳುವ ಬಾಗಿಲು ಅದು. ಆನ್ ಇದ್ದರೆ ಆಫ್ ಮಾಡಿ.

ಹಳೆಯ ಬಿಲ್ಲಿನ ಚೀಲಗಳನ್ನೂ ಕೇಳಿ ತನ್ನಿ. ಜಿಎಸ್‌ಟಿಯಲ್ಲಿ ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಪುಸ್ತಕ ಇಟ್ಟಿರಬೇಕು, ಅದೂ ಅಂಗಡಿಯ ಮುಖ್ಯ ಜಾಗದಲ್ಲಿ.

ಇಷ್ಟೊಂದು ಪಾಸ್‌ವರ್ಡ್ ಎಲ್ಲಿ ಬರೆದಿಡುವುದು?

ವಾಟ್ಸಾಪ್‌ನಲ್ಲಿ ಬೇಡ, ಗೋಡೆ ಮೇಲಿನ ಕ್ಯಾಲೆಂಡರ್‌ನಲ್ಲಿ ಬೇಡ. ಪಾಸ್‌ವರ್ಡ್ ಮ್ಯಾನೇಜರ್ ಆಪ್ ಬಳಸಲು ಬಂದರೆ ತುಂಬಾ ಒಳ್ಳೆಯದು. ಬರದಿದ್ದರೆ ಒಂದು ಸಣ್ಣ ಪುಸ್ತಕ ಸಾಕು, ಗಲ್ಲಾದಲ್ಲಲ್ಲ, ಮನೆಯ ಬೀರುವಿನಲ್ಲಿ. ಎಡಗಡೆ ಪುಟದಲ್ಲಿ ಪಾಸ್‌ವರ್ಡ್, ಬಲಗಡೆ ಯಾರಿಗೆ ಯಾವ ತಾರೀಕು ಕೊಟ್ಟೆ ಅಂತ. ಮನೆಯವರಲ್ಲಿ ಒಬ್ಬರಿಗಾದರೂ ಆ ಪುಸ್ತಕ ಎಲ್ಲಿದೆ ಅಂತ ಗೊತ್ತಿರಲಿ. ಒಂದು ವರ್ಷ ಹಾರ್ಡ್‌ವೇರ್ ಅಂಗಡಿಯವರಿಗೆ 19ನೇ ತಾರೀಕು ಆಪರೇಷನ್ ಆಯಿತು. ಅವರ ಹೆಂಡತಿ ಆಸ್ಪತ್ರೆಯ ಕಾರಿಡಾರ್‌ನಿಂದ ಫೋನ್ ಮಾಡಿ ಮೊದಲು "ಕರಡು ನೋಡಿದೆ, ಸರಿ ಇದೆ" ಅಂದರು. ಆಮೇಲೆ ಒಟಿಪಿ ಓದಿದರು.